ಕೀಟೋನ್ ಪೂರಕಗಳು ಮತ್ತು ಸ್ನಾಯುವಿನ ಪ್ರೋಟೀನ್: ಪದೇ ಪದೇ ಕೇಳುವ ಪ್ರಶ್ನೆಗಳು

ಆರೋಗ್ಯವಂತ ವಯಸ್ಕರೊಬ್ಬರು ಕೀಟೋನ್ ಪೂರಕ ಕುಡಿದರೆ ಅವರ ಸ್ನಾಯುವಿನ ಪ್ರೋಟೀನಿಗೆ ಏನಾಗುತ್ತದೆ? ಈ ಪುಟವಿರುವುದು ಈ ಒಂದು ಪ್ರಶ್ನೆಗಾಗಿ. ಜಿಮ್ಮಿಗೆ ಹೋಗುವ ಹುಡುಗರು, ಸೈಕಲ್ ತುಳಿಯುವವರು, ಮಕ್ಕಳು ವಿದೇಶದಿಂದ ತಂದುಕೊಟ್ಟ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ಇದನ್ನು ಕುಡಿಯಬಹುದೇ ಎಂದು ಕೇಳುವ ಹಿರಿಯರು, ಇವರೆಲ್ಲರೂ ಕೇಳುವ ಪ್ರಶ್ನೆಗಳು ಇಲ್ಲಿವೆ. ಮಧುಮೇಹ ಇರುವವರು ಮತ್ತು ಗರ್ಭಿಣಿಯರು ದಯವಿಟ್ಟು ಮೊದಲು "ಯಾರು ಮುಟ್ಟಲೇಬಾರದು?" ಎಂಬ ಪ್ರಶ್ನೆಯನ್ನು ಓದಿ, ಆಮೇಲೆ ಉಳಿದದ್ದಕ್ಕೆ ಬನ್ನಿ.

ಕೀಟೋನ್ ಎಂದರೇನು? ಅದು ದೇಹಕ್ಕೆ ವಿಷವಲ್ಲವೇ?

ವಿಷವಲ್ಲ, ಇಂಧನ. ಊಟ ಸಿಗದ ಹೊತ್ತಿನಲ್ಲಿ ಯಕೃತ್ತು ಕೊಬ್ಬನ್ನು ಒಡೆದು ಇದನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಮಿದುಳು, ಹೃದಯ, ಸ್ನಾಯು ಎಲ್ಲವೂ ಅದನ್ನು ಉರಿಸಿಕೊಳ್ಳುತ್ತವೆ. ಯಕೃತ್ತು ಮಾತ್ರ ತಾನು ತಯಾರಿಸಿದ ಕೀಟೋನನ್ನು ತಾನು ಬಳಸಲಾರದು, ಅದಕ್ಕೆ ಬೇಕಾದ ಕಿಣ್ವ ಅದರಲ್ಲಿಲ್ಲ. ಮಾಡಿದ ಅಡುಗೆಯನ್ನೆಲ್ಲ ಬಡಿಸಿಬಿಡುವ ಅಂಗ ಅದು.

ಅಸಿಟೊಅಸಿಟೇಟ್, ಬೀಟಾ ಹೈಡ್ರಾಕ್ಸಿಬ್ಯುಟೈರೇಟ್, ಅಸಿಟೋನ್ ಎಂಬ ಮೂರು ಬಗೆಗಳಲ್ಲಿ ನಮಗೆ ಮುಖ್ಯವಾದದ್ದು ಎರಡನೆಯದು. ಮುಂದೆ ಅದನ್ನು ಬಿಎಚ್‌ಬಿ ಎಂದೇ ಕರೆಯುತ್ತೇನೆ. ಮೂರನೆಯದಾದ ಅಸಿಟೋನ್ ಉಸಿರಿನಲ್ಲಿ ಹೊರಹೋಗುತ್ತದೆ. ದೀರ್ಘ ಉಪವಾಸ ಮಾಡಿದವರ ಬಾಯಿಂದ ಬರುವ ಒಂದು ಬಗೆಯ ಹಣ್ಣಿನ ವಾಸನೆಗೆ ಇದೇ ಕಾರಣ.

ರಾತ್ರಿ ಊಟ ಮಾಡಿ ಮಲಗಿ ಬೆಳಿಗ್ಗೆ ಎದ್ದಾಗ ರಕ್ತದಲ್ಲಿ ಬಿಎಚ್‌ಬಿ ಲೀಟರಿಗೆ ಸುಮಾರು 0.1ರಿಂದ 0.3 ಮಿಲಿಮೋಲ್ ಇರುತ್ತದೆ. ಏಕಾದಶಿಯ ದಿನ ನೀರನ್ನಷ್ಟೇ ಕುಡಿದು ಮರುದಿನ ದ್ವಾದಶಿಯ ಪಾರಣೆಗೆ ಕೂರುವ ಹೊತ್ತಿಗೆ ಅದು ಹಲವು ಪಟ್ಟು ಏರಿರುತ್ತದೆ. ವಾರಗಟ್ಟಲೆ ಉಪವಾಸವಿದ್ದರೆ 5–6 ಮಿಲಿಮೋಲ್ ತಲುಪುತ್ತದೆ. ಆರೋಗ್ಯವಂತರಲ್ಲಿ ಇನ್ಸುಲಿನ್ ಇದಕ್ಕೆ ಕಡಿವಾಣ ಹಾಕಿರುತ್ತದೆ. ಇನ್ಸುಲಿನ್ ಇಲ್ಲದ ಮಧುಮೇಹಿಗಳಲ್ಲಿ ಆ ಕಡಿವಾಣ ಕಳಚಿ, ಕೀಟೋನ್ ಮಿತಿಮೀರಿ ಏರಿ ರಕ್ತ ಆಮ್ಲೀಯವಾಗುತ್ತದೆ. ಕೀಟೋನ್ ಎಂದರೆ ವಿಷ ಎಂಬ ಮಾತು ಹುಟ್ಟಿದ್ದು ಆ ಅಪಾಯಕಾರಿ ಸ್ಥಿತಿಯಿಂದ.

ಅಂಗಡಿಯಲ್ಲಿ ಸಿಗುವ ಕೀಟೋನ್ ಪೂರಕಗಳೆಲ್ಲ ಒಂದೇ ಬಗೆಯವೇ?

ಅಲ್ಲ. ಈ ವ್ಯತ್ಯಾಸ ತಿಳಿಯದೆ ಹಣ ಕೊಡುವವರೇ ಹೆಚ್ಚು ಎಂಬುದು ನನಗೆ ಬೇಸರದ ಸಂಗತಿ.

ಒಂದು ಕೀಟೋನ್ ಎಸ್ಟರ್, ಅಂದರೆ ಬಿಎಚ್‌ಬಿಯನ್ನು ಮದ್ಯಸಾರ ಜಾತಿಯ ವಸ್ತುವಿನ ಜೊತೆ ಬೆಸೆದದ್ದು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಕೀರನ್ ಕ್ಲಾರ್ಕ್ ಮತ್ತು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ರಿಚರ್ಡ್ ವೀಚ್, ಅಮೆರಿಕದ ರಕ್ಷಣಾ ಇಲಾಖೆಯ ಸಂಶೋಧನಾ ಸಂಸ್ಥೆ ಡಾರ್ಪಾದ ಹಣದಿಂದ ರೂಪಿಸಿದ್ದು ಇದನ್ನು. ದ್ರವರೂಪದಲ್ಲಿರುತ್ತದೆ, ಬಹಳ ಕಹಿ. ಇನ್ನೊಂದು ಕೀಟೋನ್ ಲವಣ, ಅಂದರೆ ಬಿಎಚ್‌ಬಿಯನ್ನು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಅಥವಾ ಮೆಗ್ನೀಸಿಯಂ ಜೊತೆ ಬೆಸೆದ ಪುಡಿ. 2017ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಇವೆರಡನ್ನೂ ಹೋಲಿಸಿ ನೋಡಿದಾಗ ಎಸ್ಟರ್ ರಕ್ತದ ಬಿಎಚ್‌ಬಿಯನ್ನು ಸುಮಾರು 2.8 ಮಿಲಿಮೋಲ್‌ಗೆ ಏರಿಸಿತು, ಲವಣ ಏರಿಸಿದ್ದು ಸುಮಾರು 1 ಮಿಲಿಮೋಲ್‌ಗೆ. ಜೊತೆಗೆ ಹಲವು ಲವಣಗಳಲ್ಲಿ ಬಿಎಚ್‌ಬಿಯ ಎರಡು ಕನ್ನಡಿ ರೂಪಗಳು ಬೆರೆತಿರುತ್ತವೆ. ನಮ್ಮ ದೇಹ ತಾನೇ ತಯಾರಿಸಿ ಸಲೀಸಾಗಿ ಉರಿಸುವುದು ಅವುಗಳಲ್ಲಿ ಒಂದನ್ನು ಮಾತ್ರ.

ಇವಲ್ಲದೆ ಯಕೃತ್ತಿನಲ್ಲಿ ಕೀಟೋನ್ ಆಗಿ ಬದಲಾಗುವ ಬ್ಯುಟೇನ್‌ಡಯಾಲ್ ಎಂಬ ಮದ್ಯಸಾರ ಜಾತಿಯ ವಸ್ತುವೂ, ಮಧ್ಯಮ ಉದ್ದದ ಕೊಬ್ಬಿನಾಮ್ಲಗಳಿರುವ ಎಂಸಿಟಿ ಎಣ್ಣೆಯೂ ಮಾರುಕಟ್ಟೆಯಲ್ಲಿವೆ. ಕರಾವಳಿಯವರು ಇಲ್ಲಿ ತಪ್ಪದೆ ಕೇಳುವ ಮಾತು: "ನಾವು ದಿನಾ ತೆಂಗಿನೆಣ್ಣೆ ತಿನ್ನುತ್ತೇವಲ್ಲ, ಅದೇ ಸಾಲದೇ?" ತೆಂಗಿನೆಣ್ಣೆಯ ಸುಮಾರು ಅರ್ಧ ಪಾಲು ಲಾರಿಕ್ ಆಮ್ಲ. ಕೀಟೋನ್ ಚುರುಕಾಗಿ ಏರಿಸುವ ಎಂಟು ಇಂಗಾಲದ ಕೊಬ್ಬಿನಾಮ್ಲ ಅದರಲ್ಲಿ ನೂರಕ್ಕೆ ಹತ್ತು ಪಾಲೂ ಇಲ್ಲ. ಪಲ್ಯದ ಒಗ್ಗರಣೆಯಿಂದ ಕೀಟೋನ್ ಹೇಳಿಕೊಳ್ಳುವಷ್ಟು ಏರುವುದಿಲ್ಲ.

ಕೊಬ್ಬಿನಿಂದ ಹುಟ್ಟುವ ಕೀಟೋನಿಗೂ ಸ್ನಾಯುವಿನ ಪ್ರೋಟೀನಿಗೂ ಏನು ಸಂಬಂಧ?

ಈ ಕಥೆ ಶುರುವಾಗುವುದು ಉಪವಾಸದಲ್ಲಿ. ಅದನ್ನು ತಿಳಿದರೆ ಮುಂದಿನದ್ದೆಲ್ಲ ಸುಲಭ.

ಮಿದುಳಿಗೆ ದಿನಕ್ಕೆ ಸುಮಾರು 100–120 ಗ್ರಾಂ ಗ್ಲೂಕೋಸ್ ಬೇಕು. ಯಕೃತ್ತಿನಲ್ಲಿರುವ ದಾಸ್ತಾನು ಒಂದು ದಿನದ ಉಪವಾಸಕ್ಕೆ ಹೆಚ್ಚುಕಡಿಮೆ ಖಾಲಿ. ಕೊಬ್ಬಿನಾಮ್ಲದಿಂದ ಗ್ಲೂಕೋಸ್ ತಯಾರಿಸಲು ನಮ್ಮ ದೇಹಕ್ಕೆ ಬರುವುದಿಲ್ಲ, ಪ್ರೋಟೀನಿನಿಂದ ಬರುತ್ತದೆ. ಹಾಗಾಗಿ ಉಪವಾಸದ ಮೊದಲ ದಿನಗಳಲ್ಲಿ ದೇಹ ಸ್ನಾಯುವನ್ನೇ ಒಡೆದು ಮಿದುಳಿಗೆ ಉಣಿಸುತ್ತದೆ. ಆಗ ಮೂತ್ರದಲ್ಲಿ ದಿನಕ್ಕೆ ಸುಮಾರು 12 ಗ್ರಾಂ ಸಾರಜನಕ ಹೊರಹೋಗುತ್ತದೆ. ಒಂದು ಗ್ರಾಂ ಸಾರಜನಕವೆಂದರೆ 6.25 ಗ್ರಾಂ ಪ್ರೋಟೀನ್. ಅಲ್ಲಿಗೆ ದಿನಕ್ಕೆ 75 ಗ್ರಾಂ ಪ್ರೋಟೀನ್ ನಷ್ಟ. ಹಸಿ ಸ್ನಾಯುವಿನಲ್ಲಿ ಐದರಲ್ಲೊಂದು ಪಾಲು ಪ್ರೋಟೀನ್ ಎಂದು ಲೆಕ್ಕ ಹಾಕಿದರೆ ದಿನಕ್ಕೆ ಮೂರೂವರೆ ನೂರು ಗ್ರಾಂಗಿಂತ ಹೆಚ್ಚು ಸ್ನಾಯು ಕರಗಿದಂತೆ. ಇದೇ ವೇಗ ಮುಂದುವರಿದರೆ ಮನುಷ್ಯ ಕೆಲವೇ ವಾರಗಳಲ್ಲಿ ಉಸಿರಾಡುವ ಸ್ನಾಯುವನ್ನೂ ಕಳೆದುಕೊಳ್ಳಬೇಕಿತ್ತು.

ಆದರೆ ಹಾಗಾಗುವುದಿಲ್ಲ. ಬಾಸ್ಟನ್‌ನಲ್ಲಿ ಜಾರ್ಜ್ ಕೇಹಿಲ್ ಅವರ ತಂಡ ಐದಾರು ವಾರ ಉಪವಾಸವಿದ್ದ ಮೂವರು ಸ್ಥೂಲಕಾಯದವರ ಮಿದುಳಿಗೆ ಹೋಗುವ ಮತ್ತು ಅಲ್ಲಿಂದ ಬರುವ ರಕ್ತವನ್ನು ಅಳೆಯಿತು. 1967ರಲ್ಲಿ ಪ್ರಕಟವಾದ ಆ ಕೆಲಸ ಅಂದಿನವರೆಗಿನ ನಂಬಿಕೆಯನ್ನೇ ತಲೆಕೆಳಗು ಮಾಡಿತು. ಗ್ಲೂಕೋಸ್ ಇಲ್ಲದೆ ನಡೆಯದೆಂದು ತಿಳಿದಿದ್ದ ಮಿದುಳು ತನ್ನ ಇಂಧನದ ಹೆಚ್ಚಿನ ಪಾಲನ್ನು ಕೀಟೋನಿನಿಂದ ಪಡೆಯುತ್ತಿತ್ತು. ದೀರ್ಘ ಉಪವಾಸದಲ್ಲಿ ಮೂತ್ರದ ಸಾರಜನಕವೂ ದಿನಕ್ಕೆ 3–4 ಗ್ರಾಂಗೆ ಇಳಿಯುತ್ತದೆ. ಕೀಟೋನ್ ಮಿದುಳಿನ ಹಸಿವು ತಣಿಸಿದ್ದರಿಂದ ಸ್ನಾಯು ಉಳಿಯಿತು.

ನಾನು ಈ ಪುಟದಲ್ಲಿ ಮತ್ತೆ ಮತ್ತೆ ಹೇಳುವುದು ಇದನ್ನೇ: ಕೀಟೋನ್ ಹುಟ್ಟಿನಿಂದ ಕಾವಲುಗಾರ. ಕೊರತೆಯ ಕಾಲದಲ್ಲಿ ಇರುವುದನ್ನು ಕಾಯುವುದು ಅದರ ಕಸುಬು. ಇಲ್ಲದ್ದನ್ನು ಕಟ್ಟುವುದು ಬೇರೆಯೇ ಕೆಲಸ.

ಸ್ನಾಯು ಕಟ್ಟುವುದು, ಒಡೆಯುವುದು ಎನ್ನುತ್ತೀರಿ. ಇದನ್ನು ಅಳೆಯುವುದು ಹೇಗೆ?

ಸ್ನಾಯು ಒಮ್ಮೆ ಕಟ್ಟಿ ಬಿಟ್ಟ ಗೋಡೆಯಲ್ಲ. ಪ್ರತಿ ಗಂಟೆಯೂ ಹಳೆಯ ಪ್ರೋಟೀನ್ ಒಡೆದು ಹೊಸದು ಸೇರುತ್ತಿರುತ್ತದೆ. ಬರಿಹೊಟ್ಟೆಯಲ್ಲಿ ಗಂಟೆಗೆ ಸುಮಾರು ನೂರಕ್ಕೆ 0.05, ದಿನಕ್ಕೆ ನೂರಕ್ಕೆ ಒಂದಕ್ಕಿಂತ ಸ್ವಲ್ಪ ಹೆಚ್ಚು. ಊಟ ಮಾಡಿದಾಗ ಕಟ್ಟುವಿಕೆ ಮೇಲಾಗುತ್ತದೆ, ಹಸಿದಾಗ ಒಡೆಯುವಿಕೆ ಮೇಲಾಗುತ್ತದೆ. ಇವೆರಡರ ನಡುವಿನ ಸಣ್ಣ ಅಂತರವೇ ತಿಂಗಳುಗಳ ಮೇಲೆ ತೋಳಿನ ಸುತ್ತಳತೆಯಾಗಿ ಕಾಣುತ್ತದೆ.

ಅಳೆಯಲು ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳಿಗೆ ಗುರುತು ಹಾಕುತ್ತಾರೆ. ಸಾಮಾನ್ಯ ಇಂಗಾಲದ ಬದಲು ತುಸು ಭಾರದ, ವಿಕಿರಣವಿಲ್ಲದ ಇಂಗಾಲವಿರುವ ಲ್ಯೂಸಿನ್ ಅಥವಾ ಫಿನೈಲ್‌ಅಲನಿನ್ ಅನ್ನು ರಕ್ತನಾಳಕ್ಕೆ ಹನಿಹನಿಯಾಗಿ ಬಿಡುತ್ತಾರೆ. ಕೆಲವು ಗಂಟೆಗಳ ನಂತರ ತೊಡೆಯಿಂದ ಚೂರು ಸ್ನಾಯು ತೆಗೆದು, ಗುರುತಿನ ಅಣುಗಳು ಎಷ್ಟು ಪ್ರೋಟೀನ್ ಒಳಗೆ ಹೊಕ್ಕಿವೆ ಎಂದು ನೋಡುತ್ತಾರೆ. ತೊಡೆಯಿಂದ ಪದೇ ಪದೇ ಬಯಾಪ್ಸಿ ಕೊಡಲು ಒಪ್ಪುವವರು ಕಡಿಮೆ. ಈ ಅಧ್ಯಯನಗಳಲ್ಲೆಲ್ಲ ಜನ ಬೆರಳೆಣಿಕೆಯಷ್ಟೇ ಇರುವುದಕ್ಕೆ ಇದೂ ಒಂದು ಕಾರಣ.

ಹಾಗಾದರೆ ಉಪವಾಸವಿಲ್ಲದ ಆರೋಗ್ಯವಂತರಲ್ಲಿ ಕೀಟೋನ್ ಏನಾದರೂ ಮಾಡುತ್ತದೆಯೇ?

ಮಾಡುತ್ತದೆ. ನಾನು ಈ ವಿಷಯದಲ್ಲಿ ಅತ್ಯಂತ ಗೌರವಿಸುವ ಪ್ರಯೋಗ 1988ರದ್ದು. ಶ್ರೀಕುಮಾರನ್ ನಾಯರ್ ಮತ್ತು ಅವರ ಸಂಗಡಿಗರು ಒಂಬತ್ತು ಮಂದಿ ಆರೋಗ್ಯವಂತರ ರಕ್ತನಾಳಕ್ಕೆ ಬಿಎಚ್‌ಬಿ ಹರಿಸಿ, ಗುರುತಿನ ಲ್ಯೂಸಿನ್‌ನ ಹಾದಿ ಹಿಡಿದು ನೋಡಿದರು. ಉರಿದುಹೋಗುವ ಲ್ಯೂಸಿನ್ ನೂರಕ್ಕೆ 18ರಿಂದ 41ರಷ್ಟು ಕಡಿಮೆಯಾಯಿತು. ಸ್ನಾಯುವಿನ ಪ್ರೋಟೀನ್ ಒಳಗೆ ಸೇರುವ ಲ್ಯೂಸಿನ್ ನೂರಕ್ಕೆ 5ರಿಂದ 17ರಷ್ಟು, ಸರಾಸರಿ 10ರಷ್ಟು, ಏರಿತು.

ಫಲಿತಾಂಶಕ್ಕಿಂತ ಅವರ ಎಚ್ಚರ ನನಗೆ ಇಷ್ಟ. ಬಿಎಚ್‌ಬಿಯನ್ನು ಸೋಡಿಯಂ ಲವಣವಾಗಿ ಹರಿಸಿದಾಗ ರಕ್ತದ ಕ್ಷಾರೀಯತೆ ಸ್ವಲ್ಪ ಏರುತ್ತದೆ. ಬದಲಾವಣೆಗೆ ಕಾರಣ ಕೀಟೋನೋ, ಆ ಕ್ಷಾರೀಯತೆಯೋ? ಈ ಅನುಮಾನ ಬೇರೆಯವರು ಎತ್ತುವ ಮೊದಲೇ ಅವರು ಸೋಡಿಯಂ ಬೈಕಾರ್ಬನೇಟ್ ಹರಿಸಿ ಇನ್ನೊಂದು ಪ್ರಯೋಗ ಮಾಡಿದರು. ರಕ್ತದ ಕ್ಷಾರೀಯತೆ ಅಷ್ಟೇ ಏರಿತು, ಲ್ಯೂಸಿನ್ ಮಾತ್ರ ಕದಲಲಿಲ್ಲ. ಕೆಲಸ ಮಾಡಿದ್ದು ಕೀಟೋನೇ ಎಂದು ಖಚಿತವಾಯಿತು.

ಆದರೆ ಇದು ರಕ್ತನಾಳಕ್ಕೆ ನೇರವಾಗಿ ಹರಿಸಿದ ಕೀಟೋನ್. ಅಳೆದದ್ದು ಕೆಲವು ಗಂಟೆಗಳ ಮಾತು.

ಬಾಯಿಂದ ಕುಡಿದರೂ ಹಾಗೆಯೇ ಆಗುತ್ತದೆಯೇ?

ಇದಕ್ಕೆ ಉತ್ತರ ಬಂದದ್ದು ಇತ್ತೀಚೆಗೆ, 2024ರಲ್ಲಿ, ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಿಂದ. 36 ಆರೋಗ್ಯವಂತ ಯುವಕರನ್ನು ಮೂರು ಗುಂಪು ಮಾಡಿದರು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಒಂದು ಗುಂಪಿಗೆ ದೇಹತೂಕದ ಪ್ರತಿ ಕಿಲೋಗೆ 0.36 ಗ್ರಾಂ ಕೀಟೋನ್ ಎಸ್ಟರ್, ಇನ್ನೊಂದಕ್ಕೆ ಹಾಲಿನಿಂದ ತೆಗೆದ ವೇ ಪ್ರೋಟೀನ್ 10 ಗ್ರಾಂ, ಮತ್ತೊಂದಕ್ಕೆ ಎರಡೂ. ಕುಡಿದವರಿಗಾಗಲಿ ಕೊಟ್ಟವರಿಗಾಗಲಿ ಯಾವುದರಲ್ಲಿ ಏನಿದೆ ಎಂಬುದು ಗೊತ್ತಿರಲಿಲ್ಲ.

ಮೂರೂ ಗುಂಪುಗಳಲ್ಲಿ ಸ್ನಾಯುವಿನ ಪ್ರೋಟೀನ್ ಕಟ್ಟುವಿಕೆ ಬರಿಹೊಟ್ಟೆಯ ಮಟ್ಟದಿಂದ ಮೇಲೇರಿತು. ಮೂರೂ ಹೆಚ್ಚುಕಡಿಮೆ ಒಂದೇ ಸಮ. ಒಂದೇ ಒಂದು ಅಮೈನೋ ಆಮ್ಲವೂ ಇಲ್ಲದ ಪಾನೀಯವೊಂದು ಈ ಕೆಲಸ ಮಾಡಿತೆಂಬುದು ನಿಜಕ್ಕೂ ಅಚ್ಚರಿಯ ಸಂಗತಿ. ಹಾಗೆಯೇ ಇನ್ನೊಂದನ್ನೂ ಗಮನಿಸಬೇಕು. ಪ್ರೋಟೀನ್ ಜೊತೆ ಕೀಟೋನ್ ಸೇರಿಸಿದ್ದಕ್ಕೆ ಹೆಚ್ಚಿನ ಲಾಭ ಸಿಗಲಿಲ್ಲ. ಪ್ರೋಟೀನ್ ತೆಗೆದುಕೊಳ್ಳುತ್ತಿರುವವರು ಅದರ ಮೇಲೆ ಎಸ್ಟರ್ ಕುಡಿಯಬೇಕೆಂಬ ವಾದಕ್ಕೆ ಈ ಪ್ರಯೋಗ ಬೆಂಬಲ ಕೊಡುವುದಿಲ್ಲ.

ಹಾಗಿದ್ದರೆ ವೇ ಪ್ರೋಟೀನ್ ಬದಲು ಕೀಟೋನ್ ಕುಡಿದರೆ ಸಾಕಲ್ಲವೇ?

ಸಾಲದು. ಈ ತಪ್ಪು ತಿಳಿವಳಿಕೆಯೇ ನನ್ನನ್ನು ಹೆಚ್ಚು ಚಿಂತೆಗೆ ಹಚ್ಚುವುದು.

ಕೀಟೋನಿನಲ್ಲಿರುವುದು ಇಂಗಾಲ, ಜಲಜನಕ, ಆಮ್ಲಜನಕ. ಪ್ರೋಟೀನಿಗೆ ಬೇಕಾದ ಸಾರಜನಕ ಅದರಲ್ಲಿ ಇಲ್ಲವೇ ಇಲ್ಲ. ಮಗ್ಗವನ್ನು ಚುರುಕಾಗಿ ತುಳಿಯಬಹುದು, ಆದರೆ ನೂಲಿಲ್ಲದೆ ಬಟ್ಟೆ ಬರುವುದಿಲ್ಲ. ಕೀಟೋನನ್ನಷ್ಟೇ ಕುಡಿದ ಯುವಕರ ಸ್ನಾಯುವಿಗೆ ನೂಲು ಬಂದದ್ದು ಎಲ್ಲಿಂದ? ಅವರ ದೇಹದಲ್ಲೇ ಒಡೆದುಹೋಗುತ್ತಿದ್ದ ಪ್ರೋಟೀನಿನಿಂದ. ಸುಟ್ಟುಹೋಗಬೇಕಿದ್ದ ಅಮೈನೋ ಆಮ್ಲಗಳನ್ನು ಕೀಟೋನ್ ಉಳಿಸಿ ಮರುಬಳಕೆಗೆ ಕೊಡಬಲ್ಲದು. ಒಂದು ಬೆಳಗಿನ ಮಟ್ಟಿಗೆ ಇದು ಸರಿ, ತಿಂಗಳುಗಳ ಮಟ್ಟಿಗೆ ಹೊರಗಿನಿಂದ ನೂಲು ಬರಲೇಬೇಕು.

ಇದೆಲ್ಲ ದೇಹದೊಳಗೆ ನಡೆಯುವುದು ಹೇಗೆ?

ಹಲವು ದಾರಿಗಳಿವೆ. ಸುಲಭವಾದುದು ಇಂಧನದ ಪೈಪೋಟಿ. ಕೀಟೋನ್ ಉರಿಯುತ್ತಿರುವಾಗ ಜೀವಕೋಶಕ್ಕೆ ಲ್ಯೂಸಿನ್‌ನಂತಹ ಅಮೈನೋ ಆಮ್ಲಗಳನ್ನು ಉರಿಸುವ ಅಗತ್ಯ ಕಡಿಮೆಯಾಗುತ್ತದೆ. ಎರಡನೆಯದಾಗಿ, ಸ್ನಾಯು ಒಡೆದಾಗ ಅದರಿಂದ ಅಲನಿನ್ ಎಂಬ ಅಮೈನೋ ಆಮ್ಲ ಹೊರಟು ಯಕೃತ್ತು ತಲುಪಿ ಗ್ಲೂಕೋಸ್ ಆಗುತ್ತದೆ. ಕೀಟೋನ್ ಏರಿದಾಗ ರಕ್ತದಲ್ಲಿ ಅಲನಿನ್ ಇಳಿಯುತ್ತದೆ ಎಂಬುದು 1970ರ ದಶಕದಿಂದಲೇ ಗೊತ್ತಿದೆ. ಗ್ಲೂಕೋಸ್ ತಯಾರಿಗೆ ಕಚ್ಚಾ ಸಾಮಗ್ರಿ ಸಾಗಿಸುವ ಗಾಡಿ ನಿಧಾನವಾದಂತೆ.

ಬಿಎಚ್‌ಬಿ ಬರೀ ಸೌದೆಯೂ ಅಲ್ಲ, ಸಂದೇಶವಾಹಕವೂ ಹೌದು. ಕೊಬ್ಬಿನ ಕೋಶಗಳ ಮೇಲಿರುವ, ಸಂದೇಶ ಹಿಡಿಯುವ ಗ್ರಾಹಕ ಅಣುವೊಂದಕ್ಕೆ ಅಂಟಿಕೊಂಡು ಕೊಬ್ಬು ಕರಗುವುದನ್ನು ತಡೆಯುತ್ತದೆ (ಕೊಬ್ಬು ಕರಗಿಸಲೆಂದು ಇದನ್ನು ಕೊಳ್ಳುವವರು ಈ ಸಾಲನ್ನು ಇನ್ನೊಮ್ಮೆ ಓದಬೇಕು). ಉರಿಯೂತದ ಕೆಲವು ಹಾದಿಗಳನ್ನು ತಗ್ಗಿಸುವುದೂ, ವಂಶವಾಹಿಗಳ ಓದಿಕೆಯನ್ನು ಬದಲಿಸುವ ಕಿಣ್ವಗಳನ್ನು ತಡೆಯುವುದೂ 2013 ಮತ್ತು 2015ರಲ್ಲಿ ಪ್ರಯೋಗಾಲಯದ ಅಧ್ಯಯನಗಳಲ್ಲಿ ಕಂಡುಬಂದಿವೆ. ಇವು ಹೆಚ್ಚಾಗಿ ಜೀವಕೋಶ ಮತ್ತು ಇಲಿಗಳಲ್ಲಿ ಕಂಡ ಸಂಗತಿಗಳು, ಹಾಗಾಗಿ ಮನುಷ್ಯರ ತೋಳಿಗೆ ನೇರವಾಗಿ ಅನ್ವಯಿಸಲು ನಾನು ಹೋಗುವುದಿಲ್ಲ.

ವ್ಯಾಯಾಮದ ನಂತರ ಕುಡಿದರೆ ಸ್ನಾಯು ಬೇಗ ಚೇತರಿಸಿಕೊಳ್ಳುತ್ತದೆ ಎನ್ನುತ್ತಾರೆ. ನಿಜವೇ?

ಈ ಮಾತಿನ ಬೇರು ಬೆಲ್ಜಿಯಂನ ಲ್ಯೂವೆನ್‌ನಲ್ಲಿದೆ. 2017ರಲ್ಲಿ ಅಲ್ಲಿಯವರು ಕಠಿಣ ವ್ಯಾಯಾಮದ ನಂತರ ಪ್ರೋಟೀನ್ ಮತ್ತು ಸಕ್ಕರೆಯ ಜೊತೆ ಕೀಟೋನ್ ಎಸ್ಟರ್ ಕೊಟ್ಟು ಸ್ನಾಯುವಿನ ಚೂರು ಪರೀಕ್ಷಿಸಿದರು. ಎಂಟಾರ್ ಎಂಬ, ಪ್ರೋಟೀನ್ ಕಟ್ಟಲು ಅಪ್ಪಣೆ ಕೊಡುವ ವ್ಯವಸ್ಥೆ ಹೆಚ್ಚು ಚುರುಕಾಗಿತ್ತು. ತಟ್ಟೆಯಲ್ಲಿ ಬೆಳೆಸಿದ ಸ್ನಾಯುಕೋಶಗಳಲ್ಲಿ ಪ್ರೋಟೀನ್ ತಯಾರಿಯೂ ಏರಿತ್ತು. ಜಾಹೀರಾತುಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ ಆ ಯುವಕರಲ್ಲಿ ನೋಡಿದ್ದು ಅಪ್ಪಣೆಯನ್ನು, ಕಟ್ಟಿದ ಪ್ರೋಟೀನನ್ನಲ್ಲ. ಅಪ್ಪಣೆ ಹೊರಟ ಮಾತ್ರಕ್ಕೆ ಕೆಲಸ ಮುಗಿದಿರುವುದಿಲ್ಲ ಎಂಬುದು ಕಚೇರಿಗಳಿಗೆ ಅಲೆದವರಿಗೆಲ್ಲ ಗೊತ್ತು. ಸ್ನಾಯುವಿನ ಗ್ಲೈಕೋಜನ್, ಅಂದರೆ ಕೂಡಿಟ್ಟ ಗ್ಲೂಕೋಸ್, ತುಂಬಿಕೊಳ್ಳುವ ವೇಗದಲ್ಲಿಯೂ ವ್ಯತ್ಯಾಸವಿರಲಿಲ್ಲ.

ಅದೇ ಊರಿನಿಂದ 2019ರಲ್ಲಿ ಬಂದ ಇನ್ನೊಂದು ಅಧ್ಯಯನ ಹೆಚ್ಚು ಗಟ್ಟಿಯಾದದ್ದು. 18 ಪುರುಷರಿಗೆ ಮೂರು ವಾರ ಮೈಮುರಿಯುವಷ್ಟು ಸೈಕಲ್ ತರಬೇತಿ ಕೊಟ್ಟು, ಅರ್ಧ ಜನರಿಗೆ ತರಬೇತಿಯ ನಂತರ ಮತ್ತು ಮಲಗುವ ಮುನ್ನ 25 ಗ್ರಾಂನಂತೆ ಎಸ್ಟರ್ ಕೊಟ್ಟರು. ಕೊನೆಯ ವಾರದ ಎರಡು ಗಂಟೆಯ ಸವಾರಿಯಲ್ಲಿ ಕೀಟೋನ್ ಗುಂಪಿನವರ ಶಕ್ತಿ ನೂರಕ್ಕೆ 15ರಷ್ಟು ಹೆಚ್ಚಿತ್ತು. ಅತಿಯಾದ ಶ್ರಮದಿಂದ ದೇಹ ಕುಸಿಯುವುದು ಕಡಿಮೆಯಾಯಿತು. ಆ ಗುಂಪು ತಾನಾಗಿ ಹೆಚ್ಚು ಊಟವನ್ನೂ ಮಾಡಿತ್ತು. ಲಾಭದಲ್ಲಿ ಕೀಟೋನಿನ ಪಾಲೆಷ್ಟು, ಊಟದ ಪಾಲೆಷ್ಟು ಎಂದು ಬಿಡಿಸುವುದು ಕಷ್ಟ. ನನ್ನ ಓದಿನ ಪ್ರಕಾರ ಇಲ್ಲಿಯೂ ಕೀಟೋನ್ ಮಾಡಿದ್ದು ಕಾವಲಿನ ಕೆಲಸವನ್ನೇ. ಮಿತಿಮೀರಿದ ಶ್ರಮವೂ ಒಂದು ಬಗೆಯ ಕೊರತೆಯ ಕಾಲ.

ಎತ್ತರದಿಂದ ಪದೇ ಪದೇ ಜಿಗಿಸಿ ಸ್ನಾಯುವಿಗೆ ನೋವು ಮಾಡಿಸಿ ನೋಡಿದ 2020ರ ಅಧ್ಯಯನದಲ್ಲಿ ಎಸ್ಟರ್‌ನಿಂದ ಚೇತರಿಕೆ ಬೇಗ ಆಗಲಿಲ್ಲ. ಭಾರ ಎತ್ತಿದ ಮರುದಿನದ ಮೈಕೈ ನೋವಿಗೆ ಇದನ್ನು ಕೊಳ್ಳಬೇಡಿ.

ಜ್ವರ ಬಂದು ಮಲಗಿದಾಗ ಸ್ನಾಯು ಕರಗುತ್ತದಲ್ಲ, ಆಗ ಇದು ಉಪಯೋಗಕ್ಕೆ ಬರುತ್ತದೆಯೇ?

ಕೀಟೋನಿನ ನಿಜವಾದ ಭವಿಷ್ಯ ಇಲ್ಲಿಯೇ ಇದೆ ಎಂದು ನನಗೆ ಅನ್ನಿಸುತ್ತದೆ. ಡೆನ್ಮಾರ್ಕಿನ ಸಂಶೋಧಕರು 2018ರಲ್ಲಿ ಹತ್ತು ಮಂದಿ ಆರೋಗ್ಯವಂತ ಪುರುಷರಿಗೆ ಬ್ಯಾಕ್ಟೀರಿಯಾದ ಹೊರಪೊರೆಯ ಅಂಶವೊಂದನ್ನು ಚುಚ್ಚಿ ಕೆಲವು ಗಂಟೆಗಳ ಜ್ವರ ಬರಿಸಿದರು. ಅವರ ಸ್ವಂತ ಕೊಬ್ಬು ಕರಗದಂತೆ ಔಷಧ ಕೊಟ್ಟು, ಒಮ್ಮೆ ಲವಣಜಲ, ಒಮ್ಮೆ ಕೊಬ್ಬಿನಾಮ್ಲ, ಒಮ್ಮೆ ಬಿಎಚ್‌ಬಿ ಹರಿಸಿದರು. ಬಿಎಚ್‌ಬಿ ಹರಿಸಿದ ದಿನ ಮುಂಗೈ ಸ್ನಾಯುವಿನಿಂದಾಗುವ ಅಮೈನೋ ಆಮ್ಲದ ನಷ್ಟ ನೂರಕ್ಕೆ 70ಕ್ಕಿಂತ ಹೆಚ್ಚು ತಗ್ಗಿತು. ಕೊಬ್ಬಿನಾಮ್ಲ ಹರಿಸಿದ ದಿನ ಹೀಗಾಗಲಿಲ್ಲ. ಅಂದರೆ ಇಂಧನ ಯಾವುದಾದರೂ ಸರಿ ಎಂಬುದಲ್ಲ, ಕೀಟೋನಿಗೇ ಇದರಲ್ಲಿ ವಿಶೇಷ ಪಾತ್ರವಿದೆ.

1988ರ ಪ್ರಯೋಗದ ನೂರಕ್ಕೆ ಹತ್ತನ್ನು ಈ ಎಪ್ಪತ್ತರ ಪಕ್ಕದಲ್ಲಿಟ್ಟು ನೋಡಿ. ಅಳೆದದ್ದು ಒಂದೇ ಸಂಗತಿಯಲ್ಲದಿದ್ದರೂ, ದೇಹ ಸಂಕಟದಲ್ಲಿದ್ದಾಗ ಕೀಟೋನಿನ ಕೈ ದೊಡ್ಡದಾಗುತ್ತದೆ ಎಂಬುದಕ್ಕೆ ಸುಳಿವು ಅದರಲ್ಲಿದೆ. ಹಾಗೆಂದು ಮನೆಯಲ್ಲಿ ಜ್ವರ ಬಂದವರಿಗೆ ಎಸ್ಟರ್ ಕುಡಿಸಬೇಡಿ. ಇದು ಆಸ್ಪತ್ರೆಯ ಉಸ್ತುವಾರಿಯಲ್ಲಿ, ರಕ್ತನಾಳದ ಮೂಲಕ ಮಾಡಿದ ಪ್ರಯೋಗ.

ಬಿಎಚ್‌ಬಿ ಮತ್ತು ಎಚ್‌ಎಂಬಿ ಒಂದೇನಾ? ಜಿಮ್ಮಿನಲ್ಲಿ ಎರಡೂ ಹೆಸರು ಕೇಳಿದ್ದೇನೆ.

ಬೇರೆ ಬೇರೆ. ಎಚ್‌ಎಂಬಿ ಎಂಬುದು ಲ್ಯೂಸಿನ್ ಒಡೆದಾಗ ಸಿಗುವ ವಸ್ತು, ಸಾಮಾನ್ಯವಾಗಿ ದಿನಕ್ಕೆ 3 ಗ್ರಾಂ ಪ್ರಮಾಣದಲ್ಲಿ ಮಾರುತ್ತಾರೆ. ಅದು ರಕ್ತದ ಕೀಟೋನ್ ಏರಿಸಲೆಂದು ಇರುವುದಲ್ಲ. ರಾಸ್ಪ್‌ಬೆರಿ ಕೀಟೋನ್ ಎಂಬ ಮಾತ್ರೆಗಳಿಗೂ ಈ ಪುಟದ ವಿಷಯಕ್ಕೂ ಹೆಸರಿನ ಹೊರತು ಸಂಬಂಧವಿಲ್ಲ.

ಕೀಟೋ ಆಹಾರಕ್ರಮದಲ್ಲಿದ್ದರೂ ಕೀಟೋನ್ ಏರುತ್ತದಲ್ಲ? ಪೂರಕವೇಕೆ?

ರಕ್ತದಲ್ಲಿನ ಅಣು ಒಂದೇ, ಸುತ್ತಲಿನ ಪರಿಸ್ಥಿತಿ ಬೇರೆ. ಕೀಟೋ ಆಹಾರದಲ್ಲಿ ಅನ್ನ, ಮುದ್ದೆ, ರೊಟ್ಟಿ ಬಿಟ್ಟಿರುತ್ತೀರಿ. ಗ್ಲೈಕೋಜನ್ ಖಾಲಿ, ಇನ್ಸುಲಿನ್ ಕಡಿಮೆ, ಕೊಬ್ಬು ಕರಗುತ್ತಿರುತ್ತದೆ. ಪೂರಕ ಕುಡಿದಾಗ ಗ್ಲೈಕೋಜನ್ ತುಂಬಿರುವಾಗಲೇ ಕೀಟೋನ್ ಏರಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ. ಒಂದರ ಫಲಿತಾಂಶವನ್ನು ಇನ್ನೊಂದಕ್ಕೆ ಹೊಂದಿಸಬಾರದು. ಅಂದಹಾಗೆ, ಕೀಟೋ ಶುರುಮಾಡಿದ ಮೊದಲ ವಾರ ಇಳಿಯುವ ಕಿಲೋಗಳಲ್ಲಿ ದೊಡ್ಡ ಪಾಲು ನೀರು. ಪ್ರತಿ ಗ್ರಾಂ ಗ್ಲೈಕೋಜನ್ ಜೊತೆ ಸುಮಾರು 3 ಗ್ರಾಂ ನೀರು ಹೋಗುತ್ತದೆ.

ಮಹಿಳೆಯರಿಗೂ ವಯಸ್ಸಾದವರಿಗೂ ಇದೇ ಮಾತು ಅನ್ವಯಿಸುತ್ತದೆಯೇ?

ಮೇಲೆ ಹೇಳಿದ ಮೆಕ್‌ಗಿಲ್, ಲ್ಯೂವೆನ್ ಮತ್ತು ಡೆನ್ಮಾರ್ಕಿನ ಪ್ರಯೋಗಗಳು ಗಂಡಸರ ಮೇಲೆ ನಡೆದವು. ಅದನ್ನು ಮಹಿಳೆಯರಿಗೂ ಹಾಗೆಯೇ ಎಂದು ಹೇಳುವುದು ನ್ಯಾಯವಲ್ಲ. ವಯಸ್ಸಾದಂತೆ ಅದೇ ಪ್ರಮಾಣದ ಪ್ರೋಟೀನಿಗೆ ಸ್ನಾಯು ಮೊದಲಿನಷ್ಟು ಸ್ಪಂದಿಸುವುದಿಲ್ಲ, ಹಾಗಾಗಿ ಅರವತ್ತು ದಾಟಿದವರಿಗೆ ಪ್ರತಿ ಊಟದಲ್ಲೂ ಹೆಚ್ಚು ಪ್ರೋಟೀನ್ ಮತ್ತು ವಾರಕ್ಕೆರಡು ಬಾರಿಯಾದರೂ ಸ್ನಾಯುವಿಗೆ ಭಾರ ಕೊಡುವ ವ್ಯಾಯಾಮ ಬೇಕು. ಮಗ ತಂದುಕೊಟ್ಟ ಬಾಟಲಿಗಿಂತ ಮಗನೊಂದಿಗೆ ಮೆಟ್ಟಿಲು ಹತ್ತುವುದು ಹೆಚ್ಚು ಫಲ ಕೊಡುತ್ತದೆ.

ಅಡ್ಡ ಪರಿಣಾಮಗಳೇನು?

ಹೊಟ್ಟೆ ತೊಳಸುವುದು, ಭೇದಿ, ಹಸಿವು ಕುಗ್ಗುವುದು ಸಾಮಾನ್ಯ. 2017ರಲ್ಲಿ ಬೇರೊಂದು ಬಗೆಯ ಎಸ್ಟರ್ ಕುಡಿದ ವೃತ್ತಿಪರ ಸೈಕಲ್ ಸವಾರರು ಹೊಟ್ಟೆಯ ತೊಂದರೆಯಿಂದ ನೂರಕ್ಕೆ ಎರಡರಷ್ಟು ನಿಧಾನವಾದರು. ಸ್ನಾಯು ಬೆಳೆಸಬೇಕೆನ್ನುವವರಿಗೆ ಹಸಿವು ಕುಗ್ಗುವುದು ಸಣ್ಣ ವಿಷಯವಲ್ಲ, ಏಕೆಂದರೆ ಆ ಹೊತ್ತಿನ ಊಟ ತಪ್ಪಿದರೆ ನೂಲೂ ತಪ್ಪಿತು.

ಲವಣಗಳಲ್ಲಿ ನಿಜವಾದ ತೊಂದರೆ ಸೋಡಿಯಂ. ಸೋಡಿಯಂ ಬಿಎಚ್‌ಬಿಯ ತೂಕದಲ್ಲಿ ನೂರಕ್ಕೆ 18ರಷ್ಟು ಸೋಡಿಯಂ. ಹತ್ತು ಗ್ರಾಂ ಕುಡಿದರೆ 1.8 ಗ್ರಾಂ ಸೋಡಿಯಂ, ಅಂದರೆ ಸುಮಾರು ನಾಲ್ಕೂವರೆ ಗ್ರಾಂ ಅಡುಗೆ ಉಪ್ಪಿಗೆ ಸಮ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 5 ಗ್ರಾಂ ಉಪ್ಪು. ಉಪ್ಪಿನಕಾಯಿ, ಹಪ್ಪಳ, ಸಾರು ಇರುವ ನಮ್ಮ ಊಟದ ಮೇಲೆ ಇದನ್ನೂ ಸೇರಿಸಿದರೆ ರಕ್ತದೊತ್ತಡ ಇರುವವರ ಗತಿ ಏನು?

ಕ್ರೀಡಾಪಟುಗಳಿಗೆ ನಿಷೇಧವಿದೆಯೇ?

ವಿಶ್ವ ಉದ್ದೀಪನ ಮದ್ದು ತಡೆ ಘಟಕದ ನಿಷೇಧಿತ ಪಟ್ಟಿಯಲ್ಲಿ ಕೀಟೋನ್ ಇಲ್ಲ. ಆದರೆ ಸೈಕ್ಲಿಂಗ್‌ನ ಅಂತರರಾಷ್ಟ್ರೀಯ ಒಕ್ಕೂಟ ಸಾಮರ್ಥ್ಯ ಅಥವಾ ಚೇತರಿಕೆಗೆ ಗಟ್ಟಿ ಆಧಾರ ಕಾಣುತ್ತಿಲ್ಲವೆಂದು 2025ರಲ್ಲಿ ಹೇಳಿ, ಇವುಗಳ ಬಳಕೆಯನ್ನು ಶಿಫಾರಸು ಮಾಡಲಿಲ್ಲ.

ನನ್ನ ಬಳಿ ತಿಂಗಳಿಗೆ ಸ್ವಲ್ಪ ಹಣವಿದೆ. ಸ್ನಾಯುವಿಗಾಗಿ ಯಾವುದಕ್ಕೆ ಖರ್ಚು ಮಾಡಲಿ?

ಊಟಕ್ಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ಸಾಮಾನ್ಯ ವಯಸ್ಕರಿಗೆ ದೇಹತೂಕದ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ತೂಕದವರಿಗೆ 50 ಗ್ರಾಂ. ನಿಯಮಿತವಾಗಿ ಭಾರ ಎತ್ತುವವರಲ್ಲಿ 49 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2018ರ ವಿಶ್ಲೇಷಣೆಯ ಪ್ರಕಾರ ಕಿಲೋಗೆ ಸುಮಾರು 1.6 ಗ್ರಾಂ ದಾಟಿದ ಮೇಲೆ ಹೆಚ್ಚಿನ ಲಾಭ ಕಾಣಲಿಲ್ಲ. ಅದೇ 60 ಕಿಲೋದವರಿಗೆ ಇದು 96 ಗ್ರಾಂ.

ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ದೊಡ್ಡ ಲೋಟ ಹಾಲಿನಲ್ಲಿ 8 ಗ್ರಾಂ, ನೂರು ಗ್ರಾಂ ಹಸಿ ತೊಗರಿಬೇಳೆಯಲ್ಲಿ 22 ಗ್ರಾಂ, ಅಷ್ಟೇ ಕಡಲೆಕಾಯಿ ಬೀಜದಲ್ಲಿ 25 ಗ್ರಾಂ, ಒಣ ಸೋಯಾ ಚಂಕ್ಸ್‌ನಲ್ಲಿ ಸುಮಾರು 50 ಗ್ರಾಂ ಪ್ರೋಟೀನ್ ಇದೆ. ನೂರು ಗ್ರಾಂ ರಾಗಿಯಲ್ಲಿ 7 ಗ್ರಾಂ ಮಾತ್ರ, ಹಾಗಾಗಿ ಮುದ್ದೆಯ ಜೊತೆಗಿರುವ ಸಾರು ತಿಳಿಯಾಗಿದ್ದರೆ ಸಾಲದು, ಕಾಳು ತಳದಲ್ಲಿ ಕಾಣಬೇಕು. ಒಂದು ಹೊತ್ತಿನ ಎಸ್ಟರ್‌ಗೆ ಕೊಡುವ ಹಣದಲ್ಲಿ ಒಂದು ಟ್ರೇ ಮೊಟ್ಟೆ ಬರುತ್ತದೆ. ನನ್ನ ಬಳಿ ಬಂದ ಒಬ್ಬ ಹುಡುಗ ದಿನಕ್ಕೆ 40 ಗ್ರಾಂ ಪ್ರೋಟೀನನ್ನೂ ತಿನ್ನದೆ ಕೀಟೋನ್ ಪುಡಿಗೆ ಸಾಲ ಮಾಡಿದ್ದ. ಅವನ ಶ್ರದ್ಧೆ ನೋಡಿ ಮರುಕವೂ, ಮಾರಿದವರ ಮೇಲೆ ಕೋಪವೂ ಬಂತು.

ಆದರೂ ಕೊಳ್ಳಬೇಕೆನ್ನುವವರು ಡಬ್ಬಿಯ ಮೇಲೆ 14 ಅಂಕಿಗಳ ಎಫ್‌ಎಸ್‌ಎಸ್‌ಎಐ ಪರವಾನಗಿ ಸಂಖ್ಯೆ ಇದೆಯೇ, ಎಸ್ಟರ್ ಅಥವಾ ಲವಣ ಎಂದು ಸ್ಪಷ್ಟವಾಗಿ ಬರೆದಿದೆಯೇ, ಸೋಡಿಯಂ ಎಷ್ಟು ಎಂದು ನೋಡಿ.

ಯಾರು ಮುಟ್ಟಲೇಬಾರದು?

ಟೈಪ್ 1 ಮಧುಮೇಹ ಇರುವವರು. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನ ಮಧುಮೇಹದ ಮಾತ್ರೆ ತೆಗೆದುಕೊಳ್ಳುವವರು ವಿಶೇಷವಾಗಿ ಎಚ್ಚರ ವಹಿಸಬೇಕು. ಈ ಮಾತ್ರೆಗಳು ತಾವೇ ಕೀಟೋನ್ ಏರಿಸುತ್ತವೆ, ಸಕ್ಕರೆ ಹೆಚ್ಚಿಲ್ಲದಿದ್ದರೂ ರಕ್ತ ಆಮ್ಲೀಯವಾಗುವ ಸ್ಥಿತಿ ತರಬಲ್ಲವು. ಸಕ್ಕರೆ ಮಟ್ಟ ಸರಿಯಿದೆ ಎಂದು ಮನೆಯವರು ಸುಮ್ಮನಿದ್ದುಬಿಡುವುದರಿಂದ ಇದು ಹೆಚ್ಚು ಅಪಾಯಕಾರಿ. ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮೂತ್ರಪಿಂಡ ಅಥವಾ ಯಕೃತ್ತಿನ ಕಾಯಿಲೆ ಇರುವವರು, ಮಕ್ಕಳು ವೈದ್ಯರು ಹೇಳದ ಹೊರತು ತೆಗೆದುಕೊಳ್ಳಬಾರದು. ಲವಣವಾದರೆ ರಕ್ತದೊತ್ತಡ ಮತ್ತು ಹೃದಯದ ತೊಂದರೆ ಇರುವವರಿಗೂ ಬೇಡ.

ಪೂರಕ ಕುಡಿದ ಮೇಲೆ ಮೂತ್ರ ಪರೀಕ್ಷೆಯ ಪಟ್ಟಿಯಲ್ಲಿ ಬಣ್ಣವೇ ಬದಲಾಗಲಿಲ್ಲ. ಮೋಸ ಹೋದೆನೇ?

ಅದರಿಂದ ಹೇಳಲು ಬರುವುದಿಲ್ಲ. ಪ್ರಯೋಗಾಲಯದ ವರದಿಯಲ್ಲಿ "ಕೀಟೋನ್ ಬಾಡೀಸ್" ಎಂದು ಬರೆಯುವ ಆ ಪಟ್ಟಿ ಅಸಿಟೊಅಸಿಟೇಟ್‌ಗೆ ಬಣ್ಣ ಕೊಡುತ್ತದೆ, ಬಿಎಚ್‌ಬಿಯನ್ನು ಗುರುತಿಸುವುದಿಲ್ಲ. ನೀವು ಕುಡಿದದ್ದು ಬಿಎಚ್‌ಬಿ. ಬೆರಳು ಚುಚ್ಚಿ ರಕ್ತದ ಬಿಎಚ್‌ಬಿ ಅಳೆಯುವ ಸಣ್ಣ ಯಂತ್ರ ಬೇರೆ ಇದೆ. ಕುಡಿದು ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಅದರಲ್ಲಿ ನೋಡಿದರೆ ಬಾಟಲಿಯಲ್ಲಿದ್ದದ್ದು ರಕ್ತಕ್ಕೆ ಬಂದಿದೆಯೋ ಇಲ್ಲವೋ ಗೊತ್ತಾಗುತ್ತದೆ.